ಮೂರನೇ ಮಂಚದ ತೂಕ

ಡಯಾಲಿಸಿಸ್ ಕೋಣೆಯಲ್ಲಿ ಅವಳಿಗಿದ್ದ ಹೆಸರು ತಕ್ಕಡಿ ಮೇಡಂ. ಆ ಹೆಸರಿಟ್ಟವಳು ಬೇರೆ ಯಾರೂ ಅಲ್ಲ, ಹೆತ್ತ ತಾಯಿ. "ಓದಿಸಿದೆ, ಬರೆಸಿದೆ, ಏನೋ ದೊಡ್ಡದು ಮಾಡ್ತಾಳೆ ಅಂದ್ಕೊಂಡೆ. ಈಗ ನೋಡಿ, ಚೀಲದಲ್ಲಿ ತಕ್ಕಡಿ ಹಾಕ್ಕೊಂಡು ತಿರುಗ್ತಾಳೆ" ಅಂತ ಅಮ್ಮ ಪಕ್ಕದ ಮಂಚದವರಿಗೆಲ್ಲ ಕೇಳುವ ಹಾಗೆ ಹೇಳಿದ್ದಳು. ಕೋಣೆಯಲ್ಲಿ ನಗು ಎದ್ದಿತ್ತು. ಅಂದಿನಿಂದ ನರ್ಸುಗಳ ಬಾಯಲ್ಲೂ ಅದೇ ಹೆಸರು ನಿಂತುಬಿಟ್ಟಿತು.

ಅಮ್ಮ ಬಸ್ ಕಂಡಕ್ಟರ್ ಆಗಿದ್ದವಳು. ಗಂಡ ಬೇಗ ತೀರಿಕೊಂಡ ಮೇಲೆ ಆ ಕೆಲಸ ಹಿಡಿದು, ಟಿಕೆಟ್ ಚೀಲ ತೋಳಿಗೆ ಹಾಕಿಕೊಂಡೇ ಒಬ್ಬಳೇ ಮಗಳನ್ನು ದೊಡ್ಡವಳನ್ನಾಗಿ ಮಾಡಿದಳು. ತುಂಬಿದ ಬಸ್ಸಿನಲ್ಲಿ ಹಿಂದಿನ ಬಾಗಿಲಿಂದ ಡ್ರೈವರ್ ಕಿವಿಗೆ ಮುಟ್ಟುವಂಥ ಗಂಟಲು. ನಿವೃತ್ತಿಯಾದರೂ ಆ ಗಂಟಲು ಇಳಿಯಲಿಲ್ಲ. ಮಗಳಿಗೆ ಮದುವೆ ಯಾಕಾಗಲಿಲ್ಲ ಅಂತ ಯಾರಾದರೂ ಕೇಳಿದರೆ, "ಬಸ್ಸು ಬಂತು, ನಿಂತಿತು, ಹಾರ್ನ್ ಕೂಡ ಹೊಡೀತು. ಇವಳು ತಲೆ ಎತ್ತಿ ನೋಡ್ಲಿಲ್ಲ" ಅನ್ನುತ್ತಿದ್ದಳು.

ಮಗಳು ತಲೆ ಎತ್ತದಿದ್ದದ್ದು ಮಾತ್ರ ನಿಜ. ಅವಳು ಇದ್ದದ್ದು ಒಂದು ಚಿಕ್ಕ ಕಂಪನಿಯಲ್ಲಿ. ಡೈರಿ, ಗೋದಾಮು, ಆಸ್ಪತ್ರೆ, ಎಲ್ಲಿ ತೂಕ ಮಾಡುತ್ತಾರೋ ಅಲ್ಲಿ ಅವರ ಕೆಲಸ. ತಕ್ಕಡಿ ತನ್ನ ತೂಕವನ್ನು ಕಂಪ್ಯೂಟರಿಗೆ ಹೇಳಬೇಕು, ಕಂಪ್ಯೂಟರ್ ಅದನ್ನು ಗೋಡೆಯ ಡಿಸ್‌ಪ್ಲೇಗೋ ಪ್ರಿಂಟರಿಗೋ ಹೇಳಬೇಕು. ಈ ಹೇಳಿಕೆ ಕೇಳಿಕೆಯೆಲ್ಲ ನಡೆಯುವುದು ಸೀರಿಯಲ್ ತಂತಿಯಲ್ಲಿ, ಒಂದರ ಹಿಂದೆ ಒಂದು ಅಕ್ಷರ, ಇರುವೆ ಸಾಲಿನ ಹಾಗೆ. ಆ ಮಾತುಕತೆ ನಡೆಸುವ ಪ್ರೋಗ್ರಾಂ ಬರೆಯುವುದು ಅವಳ ಕೆಲಸ. ಕೂತಳೆಂದರೆ ಊಟ ತಿಂಡಿಯ ಪರಿವೆಯಿಲ್ಲ.

ಅಮ್ಮನ ಮೂತ್ರಪಿಂಡ ಕೈಕೊಟ್ಟಾಗ ವಾರಕ್ಕೆ ಎರಡು ಸಲ ಡಯಾಲಿಸಿಸ್ ಶುರುವಾಯಿತು. ಅಲ್ಲಿ ತೂಕವೇ ಎಲ್ಲ. ಮೈಯಲ್ಲಿ ಎಷ್ಟು ನೀರು ನಿಂತಿದೆ, ಎಷ್ಟು ತೆಗೆಯಬೇಕು ಅಂತ ಗೊತ್ತಾಗುವುದು ತೂಕದಿಂದ. ಕಾಲು ಊದಿಕೊಂಡು, ತಲೆ ಸುತ್ತುವ ರೋಗಿಗಳನ್ನು ಕಾರಿಡಾರಿನ ತಕ್ಕಡಿಯ ಮೇಲೆ ಹಿಡಿದು ನಿಲ್ಲಿಸುತ್ತಿದ್ದರು. ಅಮ್ಮ ಹಾಗೆ ಒಂದು ದಿನ ಓಲಾಡಿದ್ದನ್ನು ನೋಡಿ ಮಗಳು ತನ್ನ ಕಂಪನಿಯ ಮಾಲೀಕರನ್ನೂ ಆಸ್ಪತ್ರೆಯವರನ್ನೂ ಒಪ್ಪಿಸಿದಳು. ನಾಲ್ಕು ಮಂಚದ ಕಾಲಡಿ ತಕ್ಕಡಿ ಕೂತಿತು. ಪ್ರತಿ ಮಂಚದ ತಲೆಯ ಮೇಲೆ ಗೋಡೆಗೆ ಕೆಂಪು ಅಂಕಿಯ ಒಂದು ಡಿಸ್‌ಪ್ಲೇ. ನರ್ಸಿನ ಮೇಜಿನ ಕೆಳಗೆ ಪರದೆಯಿಲ್ಲದ ಪುಟ್ಟ ಕಂಪ್ಯೂಟರ್, ಅದರೊಳಗೆ ಅವಳ ಪ್ರೋಗ್ರಾಂ. ರೋಗಿ ಮಲಗಿದರೆ ಸಾಕು, ತೂಕ ಮೇಲೆ ಬೆಳಗುತ್ತದೆ. ನೀರು ಇಳಿದಂತೆ ಅಂಕಿಯೂ ಇಳಿಯುತ್ತದೆ. ಮೊದಮೊದಲು ತೂಕದ ಚೀಟಿ ಕೊಡಲು ಒಂದು ಪ್ರಿಂಟರ್ ಕೂಡ ಇತ್ತು. ಚೀಟಿ ಯಾರಿಗೂ ಬೇಡವಾಗಿ ಅದನ್ನು ಪಕ್ಕದ ಸಾಮಾನು ಕೋಣೆಗೆ ತಳ್ಳಿದರು.

ಅಮ್ಮನದು ಮೂರನೇ ಮಂಚ. ನಾಲ್ಕನೆಯದು ಡ್ರಾಯಿಂಗ್ ಮೇಷ್ಟ್ರದು. ಶಾಲೆಯಲ್ಲಿ ಚಿತ್ರ ಕಲಿಸಿ ನಿವೃತ್ತರಾದವರು, ಮೆಲುಮಾತಿನ ಮನುಷ್ಯ. ಅಮ್ಮನ ತೂಕವೂ ಅವರ ತೂಕವೂ ಹೆಚ್ಚು ಕಡಿಮೆ ಒಂದೇ, ಐವತ್ತೆರಡರ ಆಸುಪಾಸು. "ಮೇಷ್ಟ್ರೇ, ಇಬ್ರಿಗೂ ಸೇರಿ ಒಂದೇ ಟಿಕೆಟ್ ಹರಿದುಬಿಡ್ಲಾ?" ಅಂತ ಅಮ್ಮ ಕೇಳುತ್ತಿದ್ದಳು. ಮೇಷ್ಟ್ರು ಬಾಯಿ ಮುಚ್ಚಿಕೊಂಡು ನಗುತ್ತಿದ್ದರು.

ಅಮ್ಮ ಹೋದದ್ದು ಅದೇ ಮಂಚದ ಮೇಲೆ, ಒಂದು ಮಧ್ಯಾಹ್ನ. ಆಗ ಮಗಳು ಕೋಣೆಯಲ್ಲೇ ಇದ್ದಳು. ಒಂದನೇ ಮಂಚದ ಅಂಕಿ ಮಿಟುಕುತ್ತಿದೆ ಅಂತ ಮೇಜಿನ ಕೆಳಗೆ ತೂರಿ, ಟಾರ್ಚು ಬಾಯಲ್ಲಿ ಕಚ್ಚಿಕೊಂಡು ತಂತಿ ಅಲುಗಿಸಿ ನೋಡುತ್ತಿದ್ದಳು. ಮಧ್ಯೆ ಒಮ್ಮೆ ಕತ್ತು ಹೊರಳಿಸಿ ಅಮ್ಮನ ಕಡೆ ನೋಡಿದ್ದಳು. ಅಮ್ಮನ ಮುಖ ಕಾಣಲಿಲ್ಲ, ಮೇಲಿನ ಅಂಕಿ ಕಂಡಿತು. ಐವತ್ತೊಂದು ಪಾಯಿಂಟ್ ನಾಲ್ಕು. ಸರಿಯಾಗಿ ಇಳಿಯುತ್ತಿದೆ ಅಂದುಕೊಂಡು ಮತ್ತೆ ತಂತಿಗೆ ಕೈ ಹಾಕಿದಳು. ಆಮೇಲೆ ಯಂತ್ರ ಕೂಗಿಕೊಂಡಿತು, ಓಡಿ ಬಂದ ಸಿಸ್ಟರ್ ಎದೆ ಒತ್ತತೊಡಗಿದರು, ಡಾಕ್ಟರು ಬಂದರು. ಎಲ್ಲ ಮುಗಿದ ಮೇಲೆ ಅವಳು ಮತ್ತೊಮ್ಮೆ ತಲೆ ಎತ್ತಿದಳು. ಅಂಕಿ ಹಾಗೇ ಇತ್ತು. ಅಮ್ಮ ಇದ್ದಾಗ ಎಷ್ಟೋ, ಹೋದ ಮೇಲೂ ಅಷ್ಟೇ.

ಹೆಣವೂ ಅಷ್ಟೇ ತೂಗುತ್ತದೆ ಅಂತ ಯಾರಿಗೆ ಗೊತ್ತಿಲ್ಲ? ಅವಳಿಗೂ ಗೊತ್ತಿತ್ತು. ಆದರೂ ಆ ಅಂಕಿ ಎದೆಯಲ್ಲಿ ಮುಳ್ಳಾಗಿ ಕೂತಿತು. ತಾನೇ ಕೂರಿಸಿದ ಯಂತ್ರ, ತಾನೇ ಬರೆದ ಪ್ರೋಗ್ರಾಂ, ಅಮ್ಮ ಹೊರಟುಹೋದಳು ಅಂತ ಒಂದು ಚೂರೂ ತಿಳಿಸಲಿಲ್ಲ. ಆಮೇಲೆ ಅವಳು ಆ ಆಸ್ಪತ್ರೆಯ ಕಡೆ ತಲೆ ಹಾಕಲಿಲ್ಲ. ಅಲ್ಲಿಂದ ಕರೆ ಬಂದರೆ ಬೇರೆಯವರನ್ನು ಕಳಿಸುತ್ತಿದ್ದಳು. ಆ ಬೀದಿಯೂ ಬೇಡ ಅನ್ನಿಸಿ ಒಂದು ಸ್ಟಾಪ್ ಮೊದಲೇ ಇಳಿದು ಸುತ್ತು ಹಾಕಿಕೊಂಡು ಮನೆಗೆ ಹೋಗುತ್ತಿದ್ದಳು.

ಹೀಗಿರುವಾಗ ಆ ಕೋಣೆಯ ದೊಡ್ಡ ಸಿಸ್ಟರ್ ಕಂಪನಿಗಲ್ಲ, ನೇರ ಅವಳಿಗೇ ಫೋನ್ ಮಾಡಿದರು.

"ಮೇಡಂ, ನೀವೇ ಬರಬೇಕು. ಬೇರೆಯವರನ್ನ ಕಳಿಸಬೇಡಿ."

"ಏನಾಯ್ತು ಸಿಸ್ಟರ್?"

"ನಾಲ್ಕನೇದರ ಅಂಕಿ ಕೆಟ್ಟಿದೆ. ಅದನ್ನ ನಂಬಿ ಮೇಷ್ಟ್ರಿಗೆ ಜಾಸ್ತಿ ನೀರು ತೆಗೆದುಬಿಟ್ರು, ಅವರು ಪ್ರಜ್ಞೆ ತಪ್ಪಿದ್ರು. ಈಗ ಪರವಾಗಿಲ್ಲ. ಇನ್ನೊಂದಿದೆ. ಅದನ್ನ ಹೇಗೆ ಹೇಳ್ಲಿ. ಮೂರನೇ ಮಂಚ ಅಮ್ಮ ಹೋದಾಗಿನಿಂದ ಖಾಲಿನೇ ಇದೆ. ಯಂತ್ರ ರಿಪೇರಿಗೆ ಹೋಗಿದೆ ಅಂತ ಬೋರ್ಡ್ ಹಾಕಿದೀವಿ. ನಿಜ ಹೇಳ್ಬೇಕಂದ್ರೆ ಅಲ್ಲಿ ಮಲಗೋಕೆ ಯಾರೂ ಒಪ್ತಾ ಇಲ್ಲ. ಆ ಖಾಲಿ ಮಂಚದ ಮೇಲೆ ತೂಕ ಬರ್ತಿದೆ ಮೇಡಂ."

"ಎಷ್ಟು?" ಅವಳ ಬಾಯಿಂದ ಮೊದಲು ಬಂದದ್ದು ಅದೇ ಮಾತು.

"ಐವತ್ತೆರಡು ಚಿಲ್ಲರೆ. ಮಧ್ಯಾಹ್ನ ಶುರುವಾಗುತ್ತೆ. ಆಮೇಲೆ ನಿಧಾನವಾಗಿ ಇಳೀತಾ ಹೋಗುತ್ತೆ. ಅಮ್ಮನದು ಇಳೀತಿತ್ತಲ್ಲ, ಹಾಗೇ."

"ನಾಳೆ ಬರ್ತೀನಿ" ಅಂದಳು.

ಮರುದಿನ ಮಧ್ಯಾಹ್ನ ಚೀಲ ಹೆಗಲಿಗೇರಿಸಿ ಹೋದಳು. ಮೆಟ್ಟಿಲು ಹತ್ತುವಾಗ ಹೊಸ ಬಣ್ಣದ ವಾಸನೆ ಮೂಗಿಗೆ ಬಡಿಯಿತು. ಬಾಗಿಲಲ್ಲೇ ಕಾದಿದ್ದ ದೊಡ್ಡ ಸಿಸ್ಟರ್ ಅವಳ ಮೊಣಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಯಂತ್ರಗಳು ಗೊರಗೊರ ಸದ್ದು ಮಾಡುತ್ತಿದ್ದವು. ಒಂದು, ಎರಡು, ನಾಲ್ಕರಲ್ಲಿ ರೋಗಿಗಳು. ನಾಲ್ಕನೇ ಡಿಸ್‌ಪ್ಲೇಗೆ ಹಸಿರು ಬಟ್ಟೆ ಹೊದಿಸಿದ್ದರು. ಮೂರನೇ ಮಂಚದ ಮೇಲೆ ಸುಕ್ಕಿಲ್ಲದೆ ಎಳೆದ ಬಿಳಿ ಹಾಸು, ಯಾರೂ ತಲೆಯಿಡದ ದಿಂಬು. ಅದರ ಮೇಲೆ ಗೋಡೆಯಲ್ಲಿ ಕೆಂಪಗೆ ಐವತ್ತೆರಡು ಪಾಯಿಂಟ್ ಒಂದು.

ಅವಳು ನೋಡುತ್ತಿದ್ದ ಹಾಗೇ ಕೊನೆಯ ಅಂಕಿ ಒಮ್ಮೆ ಸೊನ್ನೆಯಾಗಿ ಮತ್ತೆ ಒಂದಾಯಿತು. ಮಲಗಿದವರು ಉಸಿರೆಳೆದು ಬಿಟ್ಟರೆ, ಕಾಲು ಸರಿಸಿದರೆ ಹೀಗೇ ಆಗುವುದು. ಅವಳ ಕಣ್ಣು ತಾನಾಗಿ ದಿಂಬಿನ ಕಡೆ ಹೋಯಿತು. ದಿಂಬಿನಲ್ಲಿ ಕುಳಿ ಬಿದ್ದಿರಲಿಲ್ಲ.

"ಬಂದೆಯಾ ಮಗಳೇ?" ಅಂದರು ಮೇಷ್ಟ್ರು ನಾಲ್ಕನೇ ಮಂಚದಿಂದ. ತುಂಬ ಇಳಿದುಹೋಗಿದ್ದರು. ಆದರೆ ಮುಖದಲ್ಲಿ ಏನೋ ಸಮಾಧಾನವಿತ್ತು. "ಹೆದರ್ಕೋಬೇಡ. ಅಮ್ಮ ಸುಮ್ನೆ ಮಲಗಿದ್ದಾರೆ ಅಷ್ಟೆ. ನಾನು ಬಂದ ದಿನ ಬರ್ತಾರೆ, ನಾನು ಎದ್ದ ಮೇಲೆ ಅವರೂ ಏಳ್ತಾರೆ."

"ಮೇಷ್ಟ್ರು ಅಮ್ಮನ ಜೊತೆ ಮಾತಾಡ್ತಾರೆ ಮೇಡಂ" ಅಂತ ಸಿಸ್ಟರ್ ಕಿವಿಯಲ್ಲಿ ಪಿಸುಗುಟ್ಟಿದರು.

ಏನಾದರೂ ಮಾಡಬೇಕಲ್ಲ ಅಂತ ಅವಳು ಮೂರನೇ ಮಂಚದ ಕಡೆ ಒಂದೆರಡು ಹೆಜ್ಜೆ ಇಟ್ಟಳು. ಅಷ್ಟರಲ್ಲಿ ಬೀಗ ಹಾಕಿದ ಸಾಮಾನು ಕೋಣೆಯೊಳಗಿಂದ ಕಿರ್ರ್ ಅಂತ ಒಂದು ಸದ್ದು ಬಂತು. ನಿಂತಳು, ಸದ್ದೂ ನಿಂತಿತು. ಹೆಜ್ಜೆ ಇಟ್ಟಳು, ಮತ್ತೆ ಕಿರ್ರ್.

"ಇದೂ ಅಷ್ಟೆ" ಅಂದರು ಸಿಸ್ಟರ್. "ಆ ಮಂಚದ ಹತ್ರ ಯಾರಾದ್ರೂ ಹೋದ್ರೆ ಒಳಗೆ ಸದ್ದಾಗುತ್ತೆ. ಇಲಿ ಅಂತ ನಮಗೆ ನಾವೇ ಹೇಳ್ಕೋತಿದೀವಿ. ಬಾಗಿಲು ತೆಗೆಯೋ ಧೈರ್ಯ ಯಾರಿಗೂ ಇಲ್ಲ. ಅಲ್ಲಿದ್ದ ಸಾಮಾನೆಲ್ಲ ಈಗ ಕೆಳಗಿಂದ ತರಿಸ್ತೀವಿ."

ಓಡಿಹೋಗಬೇಕು ಅನ್ನಿಸಿತು ಅವಳಿಗೆ. ಆದರೆ ಇಷ್ಟು ವರ್ಷ ಒಂದೇ ಕೆಲಸ ಮಾಡಿದ ಕೈ ತನ್ನಷ್ಟಕ್ಕೆ ಚೀಲದ ಜಿಪ್ ಎಳೆಯಿತು. ಅವಳು ಮೊಣಕಾಲೂರಿ ಮೂರನೇ ಮಂಚದ ಅಡಿಯ ತಕ್ಕಡಿಯಿಂದ ಹೊರಟ ತಂತಿಯನ್ನು ಕಿತ್ತಳು. ತಕ್ಕಡಿಗೂ ಕಂಪ್ಯೂಟರಿಗೂ ಈಗ ಮಾತೇ ಇಲ್ಲ. ತಲೆ ಎತ್ತಿ ನೋಡಿದಳು. ಮೇಲೆ ಐವತ್ತೆರಡು. ನೋಡನೋಡುತ್ತ ಐವತ್ತೊಂದು ಪಾಯಿಂಟ್ ಒಂಬತ್ತಕ್ಕೆ ಇಳಿಯಿತು.

ಸಿಸ್ಟರ್ ಬಾಯಿಗೆ ಸೆರಗಿನಂತೆ ಕರವಸ್ತ್ರ ಒತ್ತಿಕೊಂಡು ಹಿಂದೆ ಸರಿದರು. ಅವಳ ಬೆನ್ನಲ್ಲೂ ಚಳಿ ಹರಿಯಿತು. ಆದರೆ ಚಳಿಯ ಹಿಂದೆಯೇ ಒಂದು ಯೋಚನೆಯೂ ಬಂತು. ತಂತಿ ಕಿತ್ತ ಮೇಲೂ ಅಂಕಿ ಬದಲಾಗುತ್ತಿದೆ ಅಂದರೆ, ಈ ತೂಕ ಈ ಮಂಚದ್ದಲ್ಲ.

ತಂತಿಯನ್ನು ಮತ್ತೆ ಸಿಕ್ಕಿಸಿ ಮೇಜಿನ ಹತ್ತಿರ ಬಂದಳು. ಕೆಳಗೆ ತೂರುವ ಮೊದಲು ಒಂದು ಕ್ಷಣ ಮೇಜಿನ ಅಂಚು ಹಿಡಿದು ನಿಂತಳು. ಆಮೇಲೆ ಕೂತು, ಪುಟ್ಟ ಕಂಪ್ಯೂಟರಿಗೆ ತನ್ನ ಲ್ಯಾಪ್‌ಟಾಪ್ ಜೋಡಿಸಿ ಪ್ರೋಗ್ರಾಂ ಒಳಗೆ ಏನು ನಡೆದಿದೆ ಅಂತ ನೋಡಿದಳು. ಒಳಗೆ ಎಲ್ಲವೂ ನೆಟ್ಟಗಿತ್ತು. ಮೂರನೇ ಮಂಚ ಸೊನ್ನೆ. ನಾಲ್ಕನೇ ಮಂಚ ಐವತ್ತೊಂದು ಪಾಯಿಂಟ್ ಒಂಬತ್ತು.

"ಸಿಸ್ಟರ್, ಪ್ರೋಗ್ರಾಂ ಸರಿಯಾಗೇ ಹೇಳ್ತಿದೆ. ಹೇಳಿದ್ದು ಬೇರೆಯವರ ಕಿವಿಗೆ ಬೀಳ್ತಿದೆ."

"ಅಂದ್ರೆ?"

"ಮೇಷ್ಟ್ರ ತೂಕ ಅಮ್ಮನ ಗೋಡೆಗೆ ಹೋಗ್ತಿದೆ." ಇಷ್ಟು ಹೇಳುವಾಗ ಅವಳು ದನಿ ತಗ್ಗಿಸಿದಳು, ಮೇಷ್ಟ್ರಿಗೆ ಕೇಳಬಾರದು ಅಂತ. ಯಾಕೆ ಕೇಳಬಾರದು ಅಂತ ಅವಳಿಗೇ ತಿಳಿದಿರಲಿಲ್ಲ. "ಬೇರೆ ದಿನ ಏನು ಬರ್ತಿತ್ತು ಇಲ್ಲಿ? ನಾಲ್ಕರಲ್ಲಿ ಬೇರೆಯವರು ಮಲಗಿದಾಗ?"

ಸಿಸ್ಟರ್ ಹುಬ್ಬು ಗಂಟಿಕ್ಕಿದರು. "ಬೇರೆ ದಿನ ಏನೇನೋ ಬರ್ತಿತ್ತು. ಎಪ್ಪತ್ತು, ಅರವತ್ತು. ಅದನ್ನ ಯಾರು ನೋಡ್ತಾರೆ?"

ಉಪಚಾರ ಮುಗಿದು ರೋಗಿಗಳ ಸೂಜಿ ತೆಗೆಯುವವರೆಗೂ ಅವಳು ಕಾದಳು. ಒಂದು ಎರಡರಲ್ಲಿದ್ದವರು ಎದ್ದು ಹೋದರು. ಮೇಷ್ಟ್ರನ್ನು ಕರೆದುಕೊಂಡು ಹೋಗಲು ಬರುವ ಆಟೋ ತಡವಾಯಿತು, ಅವರು ಎದ್ದು ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತರು. ಅವರು ಎದ್ದ ಕೂಡಲೇ ಮೂರನೇ ಅಂಕಿ ಸೊನ್ನೆಗೆ ಬಿತ್ತು. "ನೋಡು, ಅಮ್ಮನೂ ಎದ್ರು" ಅಂದರು ಅವರು.

ಅವಳು ಪ್ರೋಗ್ರಾಂ ನಿಲ್ಲಿಸಿ, ತಂತಿ ಸಿಕ್ಕಿಸುವ ಒಂದೊಂದು ಪೋರ್ಟಿಗೂ ತಾನೇ ಕೈಯಾರೆ ಒಂದೊಂದು ಅಂಕಿ ಕಳಿಸಿದಳು. ಇದು ಅವಳ ಹಳೆಯ ಉಪಾಯ. ಮಾತು ಎಲ್ಲಿ ದಾರಿ ತಪ್ಪುತ್ತಿದೆ ಅಂತ ತಿಳಿಯಬೇಕಾದರೆ, ಪ್ರತಿ ಬಾಗಿಲಲ್ಲೂ ನಿಂತು ಬೇರೆ ಬೇರೆ ಮಾತು ಕೂಗಬೇಕು, ಆಮೇಲೆ ಯಾವುದು ಎಲ್ಲಿ ಕೇಳಿಸಿತು ಅಂತ ನೋಡಬೇಕು. ಒಂದನೇ ಪೋರ್ಟಿಗೆ ಒಂದು ಕಳಿಸಿದಳು, ಒಂದನೇ ಮಂಚದ ಮೇಲೆ ಒಂದು ಬೆಳಗಿತು. ಎರಡನೆಯದೂ ಸರಿ. ಮೂರನೆಯದಕ್ಕೆ ಮೂರು ಕಳಿಸಿದಳು. ಗೋಡೆಯ ಮೇಲೆ ಏನೂ ಆಗಲಿಲ್ಲ. ಸಾಮಾನು ಕೋಣೆಯೊಳಗೆ ಕಿರ್ರ್ ಅಂತು.

"ಬೀಗ ತೆಗೀರಿ ಸಿಸ್ಟರ್."

"ನಾನೊಲ್ಲೆ."

"ಕೀಲಿಕೈ ಕೊಡಿ, ನಾನೇ ತೆಗೀತೀನಿ."

ಬಾಗಿಲು ತೆರೆದಾಗ ಒಳಗೆ ಹತ್ತಿಯ ಪೊಟ್ಟಣಗಳ ಮೇಲೆ, ಬಕೆಟ್ಟಿನ ಒಳಗೆ, ನೆಲದ ಮೇಲೆ ಹಾವಿನ ಪೊರೆಯ ಹಾಗೆ ಕಾಗದದ ಪಟ್ಟಿ ಸುತ್ತಿಕೊಂಡು ಬಿದ್ದಿತ್ತು. ಮೂಲೆಯಲ್ಲಿ ಹಳೆಯ ಚೀಟಿ ಪ್ರಿಂಟರ್. ಅದಕ್ಕೆ ಕರೆಂಟು ಇನ್ನೂ ಇತ್ತು, ತಂತಿ ಗೋಡೆಯ ತೂತಿನಿಂದ ಮೇಜಿನ ಕಡೆಗೇ ಹೋಗಿತ್ತು. ಪಟ್ಟಿಯ ತುಂಬ ಸೊನ್ನೆ, ಪಾಯಿಂಟ್ ಒಂದು, ಮತ್ತೆ ಸೊನ್ನೆ. ತುದಿಯಲ್ಲಿ ಅವಳು ಈಗಷ್ಟೇ ಕಳಿಸಿದ ಮೂರು.

ಅವಳಿಗೆ ಎಲ್ಲ ಹೊಳೆಯಿತು. ತೂಕ ಬದಲಾದಾಗ ಮಾತ್ರ ಕಳಿಸು ಅಂತ ಪ್ರೋಗ್ರಾಮಿಗೆ ಹೇಳಿಕೊಟ್ಟವಳು ಅವಳೇ. ಖಾಲಿ ಮಂಚದ ಪಕ್ಕ ಯಾರಾದರೂ ನಡೆದರೆ ನೆಲ ಅಲುಗಿ ತಕ್ಕಡಿ ಕೂದಲೆಳೆಯಷ್ಟು ಕದಲುತ್ತದೆ. ಆ ಕದಲಿದ್ದು ಡಿಸ್‌ಪ್ಲೇಗೆ ಹೋಗುವ ಬದಲು ಇಲ್ಲಿ ಬಂದು ಅಚ್ಚಾಗುತ್ತಿತ್ತು. ಅದೇ ಕಿರ್ರ್.

ಉಳಿದದ್ದನ್ನೂ ನೋಡಿದಳು. ನಾಲ್ಕನೇ ಪೋರ್ಟಿಗೆ ಕಳಿಸಿದ್ದು ಮೂರನೇ ಮಂಚದ ಮೇಲೆ ಬಂತು. ಪ್ರಿಂಟರಿನದಾಗಿದ್ದ ಐದನೆಯದಕ್ಕೆ ಕಳಿಸಿದ್ದು ನಾಲ್ಕರ ಮೇಲೆ, ಹಸಿರು ಬಟ್ಟೆಯ ಅಡಿಯಿಂದ ಕೆಂಪಗೆ ಕಂಡಿತು.

"ಬಣ್ಣ ಹೊಡೆಯುವಾಗ ಮೇಜು ಸರಿಸಿದ್ರಾ?"

"ಸರಿಸಿದ್ರು. ತಂತಿಯೆಲ್ಲ ಬಿಚ್ಚಿದ್ರು. ಆಮೇಲೆ ನಾವೇ ಸಿಕ್ಕಿಸಿದ್ವಿ. ಐದೂ ಒಂದೇ ಥರ ಇದ್ದವು, ಎಲ್ಲವೂ ಎಲ್ಲದಕ್ಕೂ ಹಿಡಿದವು."

ಅಷ್ಟೇ ಆಗಿದ್ದು. ನಾಲ್ಕು ಡಿಸ್‌ಪ್ಲೇ, ಒಂದು ಪ್ರಿಂಟರ್, ಈ ಐದು ತಂತಿಗಳ ತುದಿಯಲ್ಲಿ ಕಂಪ್ಯೂಟರಿನ ತೂತಿಗೆ ಹೊಂದಿಸುವ ಐದು ಕನ್ವರ್ಟರ್, ಅವಳಿಜವಳಿ ಮಕ್ಕಳ ಹಾಗೆ ಒಂದೇ ರೂಪ. ಯಾವ ತೂತಿಗೆ ಯಾವುದು ಬಂತೋ ಅದಕ್ಕೆ ಆ ನಂಬರು. ಕಂಪ್ಯೂಟರಿಗೆ ತೂತು ಗೊತ್ತು, ತಂತಿ ಗೊತ್ತಿಲ್ಲ. ಮೊದಲು ಬರೆಯುವಾಗ ನಂಬರನ್ನೇ ನಂಬಿ ಬರೆದಿದ್ದಳು, ಅಮ್ಮ ಓಲಾಡುವುದು ನಿಲ್ಲಲಿ ಅನ್ನುವ ಆತುರದಲ್ಲಿ. ನಾಲ್ಕನೇ ಡಿಸ್‌ಪ್ಲೇಗೆ ಬಣ್ಣದವರು ಬಂದ ದಿನದಿಂದ ಒಂದು ಅಕ್ಷರವೂ ಹೋಗಿರಲಿಲ್ಲ. ಹೊಸದು ಬಾರದಿದ್ದರೆ ಹಳೆಯದನ್ನೇ ತೋರಿಸುತ್ತ ನಿಲ್ಲುವುದು ಅದರ ಗುಣ. ಹಿಂದಿನ ಯಾರದೋ ತೂಕ, ಐವತ್ತೈದು, ಅದರಲ್ಲಿ ಉಳಿದುಬಿಟ್ಟಿತ್ತು. ಹೊಸದಾಗಿ ಸೇರಿದ ನರ್ಸು ಅದನ್ನು ನೋಡಿ, "ಏನು ಮೇಷ್ಟ್ರೇ, ಇಷ್ಟು ನೀರು ಕುಡಿದಿದೀರಾ?" ಅಂತ ಗದರಿದ್ದಳು. ಮೇಷ್ಟ್ರು ಕುಡಿದಿಲ್ಲ ಅಂದರೂ ಯಾರೂ ನಂಬಲಿಲ್ಲ. ಇಲ್ಲದ ನೀರನ್ನು ಯಂತ್ರ ಎಳೆಯಿತು. ಸ್ನಾಯು ಸೆಳೆದು, ಬಿಳಿಚಿಕೊಂಡು, ಅವರು ಕಣ್ಣು ಮೇಲೆ ಮಾಡಿದರು. ಅವರ ಮೇಲೆ ಬಾಗಿ ತಲೆ ಎತ್ತಿದ ಸಿಸ್ಟರ್ ಕಣ್ಣಿಗೆ ಪಕ್ಕದ ಖಾಲಿ ಮಂಚದ ಅಂಕಿ ಬಿದ್ದದ್ದು ಆಗಲೇ.

ತಂತಿಗಳನ್ನು ಅವಳು ಸರಿಯಾದ ಜಾಗಕ್ಕೆ ಹಾಕಲು ಕೈ ಚಾಚಿದಳು. ಆದರೆ ಅದಕ್ಕೆ ಮೊದಲು ಒಂದು ವಿಷಯ ಖಚಿತವಾಗಬೇಕಿತ್ತು. ಮೂರನೇ ತಕ್ಕಡಿ ನಿಜವಾಗಿ ಒಬ್ಬರ ಭಾರ ಹೊತ್ತರೆ ಅದು ಪ್ರಿಂಟರಿಗೇ ಹೋಗುತ್ತದೆಯೇ? ಪ್ರೋಗ್ರಾಂ ಮತ್ತೆ ಶುರು ಮಾಡಿ, "ಸಿಸ್ಟರ್, ಒಂದು ನಿಮಿಷ ಇಲ್ಲಿ ಮಲಗ್ತೀರಾ?" ಅಂದಳು.

"ನನ್ನ ಜೀವ ತೆಗೆದ್ರೂ ಇಲ್ಲ. ನಾನು ಪ್ರಿಂಟರ್ ನೋಡ್ತೀನಿ, ಅದು ವಾಸಿ."

ಹಾಗಾಗಿ ಅವಳೇ ಮಲಗಿದಳು. ಅಮ್ಮನ ಮಂಚ. ಹಾಸು ತಣ್ಣಗಿತ್ತು, ಔಷಧದ ವಾಸನೆ. ತಲೆ ದಿಂಬಿಗೆ ತಾಗುತ್ತಲೇ ಸಾಮಾನು ಕೋಣೆಯಲ್ಲಿ ಪ್ರಿಂಟರ್ ಕಿರ್ರ್ ಅಂತು. "ಅರವತ್ತೊಂದು ಪಾಯಿಂಟ್ ಎರಡು!" ಅಂತ ಸಿಸ್ಟರ್ ಅಲ್ಲಿಂದ ಕೂಗಿದರು. ಅವಳು ಕೇಳಿಸಿಕೊಳ್ಳಲಿಲ್ಲ.

ಮಲಗಿದವರಿಗೆ ಅಂಕಿ ಕಾಣುವುದಿಲ್ಲ. ಇಷ್ಟು ದಿನ ಅದು ಅವಳ ತಲೆಗೆ ಹೊಳೆದೇ ಇರಲಿಲ್ಲ. ಡಿಸ್‌ಪ್ಲೇ ಇರುವುದು ತಲೆಯ ಹಿಂದೆ, ನೋಡುವವರಿಗಾಗಿ. ಮಲಗಿದವರ ಕಣ್ಣಿಗೆ ನೇರ ಬೀಳುವುದು ನರ್ಸಿನ ಮೇಜು. ಮೇಜಿನ ಕೆಳಗಿನ ಕತ್ತಲು. ಆ ದಿನ ಅಲ್ಲಿಂದ ಹೊರಗೆ ಚಾಚಿಕೊಂಡಿದ್ದದ್ದು ಅವಳ ಎರಡು ಕಾಲು. ಅಮ್ಮ ಕೊನೆಗೆ ನೋಡಿದ್ದು ಅದನ್ನೇ.

ಅವಳು ಕಣ್ಣು ಮುಚ್ಚಿದಳು. ಮುಚ್ಚಿದರೂ ಆ ಕಾಲುಗಳು ಹೋಗಲಿಲ್ಲ. ತಾನು ಅಮ್ಮನೂ ಆಗಿ, ಅಲ್ಲಿ ಬಿದ್ದುಕೊಂಡಿದ್ದ ಮಗಳೂ ಆಗಿ ಎರಡೂ ಕಡೆಯಿಂದ ಒಂದೇ ಸಲ ನೋಡುತ್ತಿದ್ದ ಹಾಗಿತ್ತು. ಎದೆಯ ಮೇಲೆ ಕಲ್ಲು ಹೇರಿದಂತಾಗಿ ಏಳಲು ಆಗಲಿಲ್ಲ.

"ಆ ದಿನ ಅಮ್ಮ ನಿನ್ನನ್ನ ಕರೀಲಿಲ್ಲ" ಅಂದರು ಕುರ್ಚಿಯಲ್ಲಿದ್ದ ಮೇಷ್ಟ್ರು. ಅವರು ಅವಳನ್ನೇ ನೋಡುತ್ತಿದ್ದರು. "ನಾನು ಕರೀಲಾ ಅಂತ ಕೇಳ್ದೆ. ಮುಖ ಒಂಥರಾ ಆಗಿತ್ತು ಅವರದು. ಬೇಡ, ಕೆಲಸದಲ್ಲಿದ್ದಾಳೆ ಅಂದ್ರು. ಆಮೇಲೆ ನಿನ್ನ ಕಾಲು ನೋಡಿ, ಇವಳ ಬೂಟಿನ ಅಟ್ಟೆ ನೋಡಿ ಮೇಷ್ಟ್ರೇ, ಹೇಗೆ ಸವೆದುಹೋಗಿದೆ, ಒಂದು ಹೊಸ ಜೋಡಿ ತಗೊಳ್ಳೋಕೆ ಇವಳಿಗೆ ಏನು ರೋಗ ಅಂತ ಬೈದ್ರು. ಅಷ್ಟೇ. ಮತ್ತೆ ಮಾತಾಡ್ಲಿಲ್ಲ. ನಿನಗೆ ಹೇಳ್ಬೇಕು ಅಂತ ಕಾಯ್ತಿದ್ದೆ. ನೀನು ಬರಲೇ ಇಲ್ಲ."

ಆ ಮಂಚದ ಮೇಲೆ ಅವಳು ಅತ್ತಳು. ಅಮ್ಮ ಸತ್ತಾಗ, ಸುಟ್ಟು ಬಂದಾಗ, ಖಾಲಿ ಮನೆಯ ಬೀಗ ತೆಗೆದಾಗ ಬಾರದ ಅಳು ಈಗ ಬಿಕ್ಕಿಬಿಕ್ಕಿ ಬಂತು. ಒಳಗೆ ಪ್ರಿಂಟರ್ ಕಿರ್ರ್ ಕಿರ್ರ್ ಅನ್ನುತ್ತಲೇ ಇತ್ತು, ಅವಳ ಮೈ ಅಲುಗಿದಂತೆಲ್ಲ. ಸಿಸ್ಟರ್ ಬಂದು ಅವಳ ತಲೆಯ ಹತ್ತಿರ ನಿಂತರು. ಆ ಮಂಚದ ಅಂಚು ಮುಟ್ಟಲು ಹೆದರುತ್ತಿದ್ದವರು ಈಗ ಅದರ ಮೇಲೇ ಕೂತು ಅವಳ ಹಣೆ ಸವರಿದರು.

ಸಮಾಧಾನವಾದ ಮೇಲೆ ಅವಳು ಎದ್ದು ಮುಖ ತೊಳೆದು ಬಂದು ತಂತಿಗಳನ್ನು ಬದಲಿಸಿದಳು. ಪ್ರಿಂಟರಿನದನ್ನು ಕಿತ್ತು ಪ್ರಿಂಟರನ್ನೇ ಚೀಲಕ್ಕೆ ಹಾಕಿಕೊಂಡಳು. ಪರೀಕ್ಷೆ ಮಾಡಲು ಮೇಷ್ಟ್ರನ್ನು ಮತ್ತೊಮ್ಮೆ ನಾಲ್ಕರ ಮೇಲೆ ಮಲಗಿ ಅಂತ ಕೇಳಿಕೊಂಡಳು. ಅವರು ಮಲಗಿದರು. ನಾಲ್ಕರ ಮೇಲೆ ಐವತ್ತು ಪಾಯಿಂಟ್ ಎರಡು ಬಂತು. ಮೂರರ ಮೇಲೆ ಸೊನ್ನೆ.

ಮೇಷ್ಟ್ರು ಕತ್ತು ಹೊರಳಿಸಿ ಆ ಸೊನ್ನೆಯನ್ನೇ ನೋಡಿದರು. "ಹೋದ್ರಾ?" ಅಂದರು.

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ಅವಳು ಪಕ್ಕದಲ್ಲಿ ಕೂತು ಬಿಡಿಸಿ ಹೇಳಿದಳು, ತಂತಿ, ತೂತು, ನಂಬರು ಎಲ್ಲ. ಮೇಷ್ಟ್ರು ಸೊನ್ನೆಯನ್ನೇ ನೋಡುತ್ತ ಕೇಳಿಸಿಕೊಂಡರು. ಅವರ ಮುಖದಲ್ಲಿದ್ದ ಸಮಾಧಾನ ಮೆಲ್ಲಗೆ ಇಳಿದುಹೋದದ್ದನ್ನು ಅವಳು ಕಂಡಳು.

"ಅಂದ್ರೆ, ಅಲ್ಲಿ ಮಲಗಿದ್ದದ್ದು ನಾನೇ ಅನ್ನು."

"ನಿಮ್ಮ ತೂಕ, ಮೇಷ್ಟ್ರೇ."

"ಅದೇ. ಸತ್ತವರ ಮಂಚದ ಮೇಲೆ ನನ್ನ ತೂಕ." ಅವರು ತಮ್ಮ ಕೈಯನ್ನು ಎತ್ತಿ ನೋಡಿಕೊಂಡರು. "ಕಂಡಕ್ಟರಮ್ಮ ಇದ್ದಾರೆ ಅಂತ ನಾನು ಧೈರ್ಯವಾಗಿದ್ದೆ. ಈಗ ನೋಡಿದ್ರೆ ಅಲ್ಲಿ ದಿನಾ ಇಳೀತಿದ್ದದ್ದು ನಾನೇ."

ದೆವ್ವವನ್ನು ಓಡಿಸಲು ಬಂದವಳು ಮುದುಕರ ಜೊತೆಗಾತಿಯನ್ನೇ ಓಡಿಸಿಬಿಟ್ಟಿದ್ದಳು. ಆಟೋ ಬಂದಿದೆ ಅಂತ ಕೆಳಗಿಂದ ಕೂಗಿದರು. ಮೇಷ್ಟ್ರ ತೋಳು ಹಿಡಿದು ಮೆಟ್ಟಿಲು ಇಳಿಸಿದಳು. ಅವರು ತಿರುಗಿ ನೋಡದೆ ಹತ್ತಿ ಕೂತರು.

ಮುಂದಿನ ಸಲ ಅವರು ಬರುವುದಿಲ್ಲ ಅಂತ ಹಟ ಹಿಡಿದರಂತೆ. ಸೊಸೆ ಫೋನ್ ಮಾಡಿ, ಡಯಾಲಿಸಿಸ್ಸೇ ಬೇಡ ಅಂತಿದ್ದಾರೆ ಅಂತ ಸಿಸ್ಟರ್ ಹತ್ತಿರ ಅತ್ತಳಂತೆ. ಸಿಸ್ಟರ್ ಅದನ್ನು ಅವಳಿಗೆ ತಿಳಿಸಿದಾಗ ಅವಳು ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಮೇಷ್ಟ್ರ ಮನೆಗೇ ಹೋದಳು. ಚಿಕ್ಕ ಮನೆ, ಗೋಡೆ ತುಂಬ ಮಕ್ಕಳು ಬರೆದ ಚಿತ್ರ. ಮೇಷ್ಟ್ರು ಕಿಟಕಿಯ ಹತ್ತಿರ ಕೂತಿದ್ದರು, ಕಾಲು ಆಗಲೇ ಊದಿತ್ತು.

"ಮೇಷ್ಟ್ರೇ, ನನಗೆ ಒಬ್ಬಳೇ ಆ ಕೋಣೆಗೆ ಹೋಗೋಕೆ ಭಯ ಆಗುತ್ತೆ" ಅಂದಳು ಅವಳು. ಅದು ಸುಳ್ಳಾಗಿರಲಿಲ್ಲ. "ಹೊಸ ಕನ್ವರ್ಟರ್ ಹಾಕ್ಬೇಕು. ನೀವು ಬಂದ್ರೆ ನಾನೂ ಬರ್ತೀನಿ."

ಅವರು ಊದಿದ ತಮ್ಮ ಕಾಲನ್ನು ನೋಡಿಕೊಂಡರು. "ಹಾಗಾದ್ರೆ ಮೂರರಲ್ಲೇ ಮಲಗ್ತೀನಿ" ಅಂದರು ಕೊನೆಗೆ. "ನನ್ನ ತೂಕ ಹೇಗೂ ಅಲ್ಲಿ ಹೋಗಿ ರೂಢಿ ಮಾಡ್ಕೊಂಡಿದೆ. ನಾನೂ ಜೊತೆಗಿರ್ತೀನಿ. ಅದೊಂದೇ ಯಾಕೆ ಇರ್ಬೇಕು?"

ಹೀಗೆ ಮೂರನೇ ಮಂಚಕ್ಕೆ ಮತ್ತೆ ಜನ ಬಂತು. ರಿಪೇರಿಯ ಬೋರ್ಡು ತೆಗೆದರು. ಒಂದೊಂದಕ್ಕೂ ಬೇರೆ ಬೇರೆ ಗುರುತಿನ ನಂಬರು ಇರುವ ಕನ್ವರ್ಟರುಗಳನ್ನು ಅವಳು ತಂದು ಹಾಕಿದಳು. ಯಾವ ತೂತಿಗೆ ಸಿಕ್ಕಿಸಿದರೂ ಪ್ರೋಗ್ರಾಂ ಈಗ ತಂತಿಯನ್ನೇ ಗುರುತು ಹಿಡಿಯುತ್ತದೆ. ತಕ್ಕಡಿಯಿಂದ ಸುದ್ದಿ ನಿಂತರೆ ಹಳೆಯ ಅಂಕಿ ಅಳಿಸಿ ಅಡ್ಡಗೆರೆ ತೋರಿಸುತ್ತದೆ. ಇಂಥದ್ದೇ ಕೆಲಸ ಮಾಡಿದ್ದ ಉಳಿದ ಜಾಗಗಳಿಗೂ ಅವಳು ಒಂದೊಂದಾಗಿ ಹೋಗಿ ಬದಲಿಸಿ ಬಂದಳು.

ಮೇಷ್ಟ್ರು ಆ ಮಂಚದ ಮೇಲೆ ಮತ್ತೊಂದು ಬೇಸಿಗೆ, ಮತ್ತೊಂದು ಚಳಿಗಾಲ ಕಳೆದರು. ಅವರ ಸರದಿಯ ದಿನ ಆದಷ್ಟೂ ಅವಳು ಹೋಗುತ್ತಿದ್ದಳು, ರಿಪೇರಿ ಇರಲಿ ಬಿಡಲಿ. ಪಕ್ಕದ ಸ್ಟೂಲಿನ ಮೇಲೆ ಮುಖ ಕಾಣುವ ಹಾಗೆ ಕೂರುತ್ತಿದ್ದಳು. ಒಮ್ಮೊಮ್ಮೆ ಮಾತು ನಡುವೆಯೇ ನಿಂತು ಇಬ್ಬರೂ ಖಾಲಿಯಾದ ನಾಲ್ಕನೇ ಮಂಚದ ಕಡೆ ನೋಡುತ್ತಿದ್ದರು. ಅಲ್ಲಿ ಸೊನ್ನೆಯೇ ಇರುತ್ತಿತ್ತು.

"ಇದೆಯಾ?" ಅನ್ನುತ್ತಿದ್ದರು ಮೇಷ್ಟ್ರು.

"ಇಲ್ಲ ಮೇಷ್ಟ್ರೇ."

"ಇರ್ಲಿ. ಇನ್ನೊಂದು ಸ್ವಲ್ಪ ಹೊತ್ತು ನೋಡು."

ಅವಳು ನೋಡುತ್ತಿದ್ದಳು.